ಅನ್ನನಾಳದ ಪಕ್ಕದ ಗೆರೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಮುಂಬಯಿಯ ಆಸ್ಪತ್ರೆಗೆ ಸಿ.ಟಿ. ಸ್ಕ್ಯಾನ್ ಯಂತ್ರ ಬಂತು. ಅದು ಬಂದದ್ದೇ ನನ್ನ ನೆಮ್ಮದಿ ಹೋಯಿತು.

ಅದಕ್ಕೂ ಮುಂಚೆ ಶಸ್ತ್ರವೈದ್ಯರು ಎಕ್ಸ್‌ರೇ ವಿಭಾಗದವರಾದ ನಮ್ಮನ್ನು ಹೆಚ್ಚು ಕಾಡುತ್ತಿರಲಿಲ್ಲ. ಅನ್ನನಾಳದಲ್ಲಿ ಗಡ್ಡೆ ಇದ್ದವರಿಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರೆ ಅದು ಎಲ್ಲಿದೆ, ಎಷ್ಟುದ್ದ ಇದೆ ಎಂಬುದು ಕಾಣುತ್ತಿತ್ತು. ಗಡ್ಡೆ ಅಕ್ಕಪಕ್ಕದ ಏನನ್ನು ಹಿಡಿದುಕೊಂಡಿದೆ ಎಂಬುದು ಎದೆ ತೆರೆದ ಮೇಲೆ ತಿಳಿಯಬೇಕಾದ ಸಂಗತಿ, ಅದು ಅವರ ಪಾಡು. ಹೊಸ ಯಂತ್ರ ಎದೆಯನ್ನು ಸೌತೆಕಾಯಿ ಬಿಲ್ಲೆಗಳಂತೆ ಅಡ್ಡಡ್ಡಲಾಗಿ ಹೆಚ್ಚಿ ತೋರಿಸತೊಡಗಿದ ಮೇಲೆ ಆ ಪಾಡು ನನ್ನ ಮೇಜಿಗೆ ಬಂತು. ನಮ್ಮ ಶಸ್ತ್ರವೈದ್ಯರು ಪುಣೆಯ ಕಡೆಯವರು, ಮಾತು ಕಡಿಮೆ. ಫೋನೆತ್ತಿದರೆ ಒಂದೇ ಪ್ರಶ್ನೆ: "ಚಿಕಟ್ಲಾ ಆಹೇ ಕಾ ನಾಹೀ, ತೇವಢಂಚ್ ಸಾಂಗಾ." ಅಂಟಿಕೊಂಡಿದೆಯೋ ಇಲ್ಲವೋ, ಅಷ್ಟೇ ಹೇಳಿ.

ಅಷ್ಟೇ! ಅನ್ನನಾಳದ ಬೆನ್ನಿಗೆ, ಬೆನ್ನೆಲುಬಿಗೆ ಒರಗಿಕೊಂಡು, ಹೃದಯದಿಂದ ಬರುವ ದೊಡ್ಡ ರಕ್ತನಾಳ ಕೆಳಗಿಳಿಯುತ್ತದೆ. ಗಡ್ಡೆ ಅದನ್ನು ಕಚ್ಚಿಕೊಂಡಿದ್ದರೆ ಕತ್ತಿ ಹಾಕುವಂತಿಲ್ಲ. ರೋಗಿ ಮೇಜಿನ ಮೇಲೆಯೇ ಹೋಗಬಹುದು. ಕಚ್ಚಿಕೊಂಡಿಲ್ಲದಿದ್ದರೆ ಗಡ್ಡೆಯ ಸಮೇತ ಅನ್ನನಾಳವನ್ನು ತೆಗೆದು, ಜಠರವನ್ನೇ ಮೇಲಕ್ಕೆಳೆದು ಕುತ್ತಿಗೆಯಲ್ಲಿ ಹೊಲಿಯಬಹುದು. ನಮ್ಮ ಚಿತ್ರದಲ್ಲಿ ಗಡ್ಡೆಯೂ ಬೂದು, ರಕ್ತನಾಳದ ಗೋಡೆಯೂ ಬೂದು, ಹೃದಯದ ಸ್ನಾಯುವೂ ಅದೇ ಬೂದು. ಗಡ್ಡೆ ಬೇರೆ, ರಕ್ತನಾಳ ಬೇರೆ ಎಂದು ಹೇಳಲು ಇರುವ ಒಂದೇ ಸಾಕ್ಷಿ ನಡುವೆ ಇರಬೇಕಾದ ಕೊಬ್ಬಿನ ತೆಳು ಪದರ. ಕೊಬ್ಬು ಚಿತ್ರದಲ್ಲಿ ಕಪ್ಪು ಗೆರೆಯಾಗಿ ಬೀಳುತ್ತದೆ. ಆದರೆ ನಮ್ಮಲ್ಲಿಗೆ ಬರುತ್ತಿದ್ದವರು ತಿಂಗಳುಗಟ್ಟಲೆ ಅನ್ನ ಇಳಿಯದೆ ಎಲುಬಿನ ಹಂದರವಾದವರು. ಅವರ ಮೈಯಲ್ಲಿ ಕೊಬ್ಬೆಲ್ಲಿ ಬರಬೇಕು? ಯಾರಿಗೆ ಆ ಗೆರೆ ಬೇಕೋ ಅವರಲ್ಲೇ ಅದು ಇರುತ್ತಿರಲಿಲ್ಲ. ಯಂತ್ರ ತಯಾರಿಸಿದ ಕಂಪನಿಯ ಪುಸ್ತಕದಲ್ಲಿ ಮಾತ್ರ ಚೆನ್ನಾಗಿ ತಿಂದುಂಡ ಯಾರದೋ ಎದೆಯ ಚಿತ್ರವಿತ್ತು, ಒಂದೊಂದು ಅಂಗದ ಸುತ್ತಲೂ ಕಾಡಿಗೆ ತೀಡಿದಂತೆ ಗೆರೆ. ಆ ಪುಟ ತೆರೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಾವಿದ್ದದ್ದು ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ. ನಾನು ಮೈಸೂರಿನವಳು, ಗಂಡ ಬ್ಯಾಂಕಿನಲ್ಲಿ. ಸೊಸೈಟಿಯ ಸೆಕ್ರೆಟರಿ ವಿಜಾಪುರದ ಕಡೆಯವರು, ಮಲಾಡಿನ ಮಾರ್ಕೆಟ್ಟಿನಲ್ಲಿ ಜೋಳ, ಬೆಲ್ಲ, ಮೆಣಸಿನಕಾಯಿಯ ಅಂಗಡಿ ಇಟ್ಟಿದ್ದರು. ಇಡೀ ಬಿಲ್ಡಿಂಗಿಗೆ ಅವರು ಕಾಕಾ, ಅವರ ಹೆಂಡತಿ ಕಾಕು. ನೀರಿನ ಪಂಪಿನ ಕೋಣೆಯ ಬೀಗದ ಕೈ ಕಾಕಾ ಅವರ ಸೊಂಟದಲ್ಲಿ. ನಾನು ಬೆಳಗಿನ ಲೋಕಲ್ ರೈಲು ಹಿಡಿಯಲು ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೇ ಅವರು ಪಂಪು ನಿಲ್ಲಿಸುತ್ತಿದ್ದರು. ಕೇಳಿದರೆ, ನೀರು ಎಲ್ಲರದು, ಡಾಕ್ಟರಿಗೆ ಬೇರೆ ಹೊತ್ತು ಇಲ್ಲ ಎನ್ನುತ್ತಿದ್ದರು. ಮೀಟಿಂಗಿನಲ್ಲಿ ನನ್ನ ಗಂಡ ಬಾಯಿ ತೆಗೆಯುವ ಮೊದಲೇ ಅವರ ಧ್ವನಿ ಸೂರಿಗೆ ತಾಗುತ್ತಿತ್ತು. ನಮ್ಮ ಮನೆಗೆ ಕನ್ನಡ ಮಾತಾಡುವ ನೆರೆ ಸಿಕ್ಕಿದೆ ಎಂದು ಮೊದಲ ವರ್ಷ ಸಂತೋಷಪಟ್ಟಿದ್ದೆವು; ಆಮೇಲೆ ಆ ಮಾತು ಬಿಟ್ಟೆವು.

ಒಂದು ಬೇಸಿಗೆಯಲ್ಲಿ ಕಾಕಾ ಅವರ ಜಗಳ ನಿಂತುಹೋಯಿತು. ಪಂಪು ಎಷ್ಟು ಹೊತ್ತಾದರೂ ಓಡುತ್ತಿತ್ತು, ಟ್ಯಾಂಕು ತುಂಬಿ ಹರಿಯುತ್ತಿತ್ತು. ನಾವು ಒಂದೆರಡು ದಿನ ಖುಷಿಯಿಂದಲೇ ಸ್ನಾನ ಮಾಡಿದೆವು. ಕೊನೆಗೆ ಕಾಕು ಮೇಲೆ ಬಂದು ಬಾಗಿಲಲ್ಲೇ ನಿಂತು, ಸೆರಗಿನ ತುದಿ ಹಿಡಿದುಕೊಂಡು ಹೇಳಿದರು. ಮೊದಲು ಒಣ ರೊಟ್ಟಿ ಬಿಟ್ಟರಂತೆ. ಆಮೇಲೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರಂತೆ. ಈಗ ಅದೂ ಇಲ್ಲ.

"ಏನೂ ಒಳಗ ಇಳಿವಲ್ದ್ರಿ ಬಾಯಾರ," ಎಂದರು ಕಾಕು. "ನಿನ್ನೆ ಅಂಬಲೀನೂ ವಾಪಸ್ ಬಂತು. ಗ್ಯಾಸ್ ಅಂತಾರ. ಇಷ್ಟು ದಿನ ಗ್ಯಾಸ್ ಇರತೈತೇನ್ರಿ?"

ಕಾಕಾರನ್ನು ಆಸ್ಪತ್ರೆಗೆ ಒಯ್ಯುವುದೇ ಒಂದು ಯುದ್ಧವಾಯಿತು. ಗ್ಯಾಸೇ ಎಂದು ವಾದಿಸಿದರು. ಅಂಗಡಿ ಬಿಟ್ಟು ಬರಲಾರೆ ಎಂದರು. ಸೊಸೈಟಿಯ ವಾರ್ಷಿಕ ಮೀಟಿಂಗ್ ಮುಗಿಯಲಿ ಎಂದರು. ನಾನು ಗದರಿದೆ. ಅವರನ್ನು ಗದರಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದೆ, ಆದರೆ ಇಂಥ ಕಾರಣಕ್ಕಲ್ಲ. ಬೇರಿಯಂ ಚಿತ್ರದಲ್ಲಿ ಎದೆಯ ನಡುಭಾಗದಲ್ಲಿ ಅನ್ನನಾಳ ಇಲಿ ಕಡಿದಂತೆ ಕಾಣಿಸಿತು. ಕೊಳವೆ ಇಳಿಸಿ ನೋಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕ್ಯಾನ್ಸರ್ ಎಂದೇ ಬಂತು. ತಂಬಾಕು ಸುಣ್ಣ ಹಾಕುತ್ತಿದ್ದ ಬಾಯಿ, ಯಾರಿಗೂ ಆಶ್ಚರ್ಯವಾಗಲಿಲ್ಲ. ಶಸ್ತ್ರವೈದ್ಯರು ಫೋನ್ ಮಾಡಿದರು. ಅದೇ ಪ್ರಶ್ನೆ.

ಮೊದಲ ಸ್ಕ್ಯಾನಿನ ದಿನ ಎ.ಸಿ. ಕೈಕೊಟ್ಟಿತು. ಕೋಣೆ ಬಿಸಿಯಾದರೆ ಯಂತ್ರ ತಾನಾಗಿ ನಿಂತುಬಿಡುತ್ತಿತ್ತು. ಮತ್ತೆ ಚಾಲೂ ಮಾಡಿ ಸಿದ್ಧವಾಗುವ ಹೊತ್ತಿಗೆ ಅರ್ಧ ದಿನ. ಕಾಕಾ ಕಾರಿಡಾರಿನ ಬೆಂಚಿನಲ್ಲಿ ಕುಳಿತು, ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಎ.ಸಿ. ನೋಡಿಕೊಳ್ಳುವವರಿಲ್ಲವೇ, ಸೆಕ್ರೆಟರಿ ಯಾರು ಎಂದು ಬಂದವರನ್ನೆಲ್ಲ ವಿಚಾರಿಸುತ್ತಿದ್ದರು. ಕೊನೆಗೆ ಒಳಗೆ ಕರೆದು ಅಂಗಾತ ಮಲಗಿಸಿದೆವು. ಉಸಿರು ಹಿಡಿಯಿರಿ ಎಂದರೆ ಕೆಮ್ಮಿದರು. ಅಲ್ಲಾಡಬೇಡಿ ಎಂದರೆ ಯಾಕೆ ಎಂದು ತಲೆಯೆತ್ತಿ ಕೇಳಿದರು. ರಕ್ತನಾಳ ಬೆಳ್ಳಗೆ ಕಾಣಲೆಂದು ಔಷಧಿ ಚುಚ್ಚಿದೆವು. ಬಂದ ಚಿತ್ರಗಳಲ್ಲಿ ರಕ್ತನಾಳದ ಒಳಗು ಬೆಳ್ಳಗೆ ಹೊಳೆಯುತ್ತಿತ್ತು, ಅದರ ಮೈಗೆ ಗಡ್ಡೆ ಒತ್ತಿಕೊಂಡಿತ್ತು, ನಡುವೆ ಏನೂ ಇಲ್ಲ. ಒತ್ತಿಕೊಂಡಿರುವುದು ಬೇರೆ, ಹೊಕ್ಕಿರುವುದು ಬೇರೆ. ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಹೆಗಲು ತಾಗಿದ ಮಾತ್ರಕ್ಕೆ ಅವರು ನಮ್ಮ ನೆಂಟರಾಗುವುದಿಲ್ಲವಲ್ಲ.

ಗಡ್ಡೆ ರಕ್ತನಾಳದ ಸುತ್ತಳತೆಯ ಕಾಲುಭಾಗಕ್ಕಿಂತ ಹೆಚ್ಚು ಆವರಿಸಿದ್ದರೆ ಅಂಟಿದೆ ಎಂದು ತಿಳಿಯಬೇಕು ಎಂಬ ಲೆಕ್ಕವೊಂದು ಆಗ ಬಳಕೆಯಲ್ಲಿತ್ತು. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಆಸ್ಪತ್ರೆಗೆ ಒಯ್ದು ಫಿಲ್ಮಿನ ಮೇಲಿಟ್ಟು ಅಳೆದೆ. ಒಮ್ಮೆ ಕಾಲುಭಾಗಕ್ಕಿಂತ ಕಡಿಮೆ ಬಂತು, ಇನ್ನೊಮ್ಮೆ ಹೆಚ್ಚು ಬಂತು, ಊಟ ಮಾಡಿ ಬಂದು ಅಳೆದರೆ ಸರಿಯಾಗಿ ಕಾಲುಭಾಗ. ಗಡ್ಡೆ ಎಲ್ಲಿ ಮುಗಿಯಿತು ಎಂದು ಗೊತ್ತಿದ್ದರೆ ತಾನೆ ಕೋನ? ಅದೇ ಗೊತ್ತಿಲ್ಲದಿದ್ದದ್ದು. ಮಗಳು ಆ ದಿನ ಶಾಲೆಯಲ್ಲಿ ಕೋನಮಾಪಕವಿಲ್ಲದೆ ಬೈಸಿಕೊಂಡು ಬಂದಳು.

ಆಗ ನಮ್ಮಲ್ಲಿಗೆ ಒಬ್ಬ ಎಂಜಿನಿಯರ್ ಬರುತ್ತಿದ್ದರು, ಬೆಂಗಳೂರಿನವರು, ಘಾಟ್ಕೋಪರಿನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕಂಪ್ಯೂಟರಿನಲ್ಲಿ ಚಿತ್ರ ವಿಶ್ಲೇಷಣೆಯ ಮೇಲೆ ಸಂಶೋಧನೆ ನಡೆಸಿದ್ದರು. ಗಡ್ಡೆಯ ಅಂಚನ್ನು ಕಂಪ್ಯೂಟರೇ ಗುರುತಿಸುವಂತೆ ಮಾಡಬೇಕೆಂಬುದು ಅವರ ಆಸೆ. ಯಂತ್ರದ ಟೇಪಿನಲ್ಲಿ ಚಿತ್ರವನ್ನು ಯಾವ ಕ್ರಮದಲ್ಲಿ ಬರೆದಿದೆ ಎಂದು ತಿಳಿಸಲು ಕಂಪನಿಯವರು ಒಪ್ಪಲಿಲ್ಲ, ಅದು ಅವರ ಗುಟ್ಟಂತೆ. ಹಾಗಾಗಿ ಈ ಪುಣ್ಯಾತ್ಮ ಫಿಲ್ಮನ್ನು ಲೈಟ್‌ಬಾಕ್ಸಿಗೆ ಸಿಕ್ಕಿಸಿ, ಅದರೆದುರು ವಿಡಿಯೋ ಕ್ಯಾಮೆರಾ ನಿಲ್ಲಿಸಿ, ಚಿತ್ರದ ಚಿತ್ರ ತೆಗೆದು ಕಂಪ್ಯೂಟರಿಗೆ ಊಡುತ್ತಿದ್ದರು. ಗಡ್ಡೆಯ ನಡುವೆ ಒಂದು ಚುಕ್ಕಿ ಇಟ್ಟರೆ, ಅದೇ ಬಗೆಯ ಬೂದು ಎಲ್ಲೆಲ್ಲಿ ಮುಂದುವರಿಯುತ್ತದೋ ಅಲ್ಲೆಲ್ಲ ಹಸಿರು ತುಂಬುತ್ತ ಹೋಗಬೇಕು. ಬೂದು ಬದಲಾದಲ್ಲಿ ನಿಲ್ಲಬೇಕು. ಅದು ಅವರ ಪ್ರೋಗ್ರಾಮು.

ಕಾಕಾ ಅವರ ಚಿತ್ರದ ಮೇಲೆ ಚುಕ್ಕಿ ಇಟ್ಟೆವು. ಹಸಿರು ಗಡ್ಡೆಯನ್ನು ತುಂಬಿತು, ರಕ್ತನಾಳದ ಗೋಡೆಗೆ ದಾಟಿತು, ಮುಂದಕ್ಕೆ ಹೃದಯಕ್ಕೆ ಹರಿಯಿತು. ಎಂಜಿನಿಯರ್ ಅಂಕಿ ಬದಲಿಸಿದರು. ಈ ಸಲ ಗಡ್ಡೆಯ ನಡುವೆ ಕಡಲೆಕಾಳಿನಷ್ಟು ಹಸಿರಾಗಿ ನಿಂತಿತು. ಮತ್ತೆ ಬದಲಿಸಿದರು, ಮತ್ತೆ ಹೃದಯ. ಎರಡು ವಾರ ಹೀಗೇ ನಡೆಯಿತು. ಪ್ರತಿ ಸಲವೂ ಅವರು ಸ್ವಲ್ಪ ಟ್ಯೂನ್ ಮಾಡಬೇಕು ಎನ್ನುತ್ತಿದ್ದರು. ನನಗೆ ತಾಳ್ಮೆ ಹೋಗಿ, ನಿಮ್ಮ ಕಂಪ್ಯೂಟರಿಗಿಂತ ನನ್ನ ಮಗಳು ಚೆನ್ನಾಗಿ ಗೆರೆಯೊಳಗೆ ಬಣ್ಣ ತುಂಬುತ್ತಾಳೆ ಎಂದೆ. ಅವರು ಬೇಸರಪಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಿಮ್ಮ ಮಗಳಿಗೆ ಗೆರೆ ಹಾಕಿರೋ ಪುಸ್ತಕ ಕೊಟ್ಟಿರ್ತೀರಿ ಮೇಡಮ್. ಇಲ್ಲಿ ಗೆರೆನೇ ಇಲ್ಲ. ಇಲ್ಲದ ಗೆರೆ ಕಂಪ್ಯೂಟರ್ ಎಲ್ಲಿಂದ ತರುತ್ತೆ?"

ಆ ಮಾತು ನಿಜವಾಗಿದ್ದದ್ದೇ ನನ್ನನ್ನು ಇನ್ನಷ್ಟು ರೇಗಿಸಿತು.

ಅತ್ತ ಕಾಕಾ ದಿನದಿಂದ ದಿನಕ್ಕೆ ಸೊರಗುತ್ತಿದ್ದರು. ಮೂಗಿಗೆ ನಳಿಗೆ ಹಾಕಿ ಹಾಲು, ಗಂಜಿ ಬಿಡುತ್ತಿದ್ದರು. ನಾನು ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕೆಳಗಿನ ತಮ್ಮ ಮನೆಯ ಬಾಗಿಲು ತೆರೆದಿಟ್ಟು ಕುರ್ಚಿಯಲ್ಲಿ ಕೂತಿರುತ್ತಿದ್ದರು. ತಪ್ಪಿಸಿಕೊಂಡು ಹತ್ತಲು ಬೇರೆ ಮೆಟ್ಟಿಲಿರಲಿಲ್ಲ. ಒಂದು ಸಂಜೆ ಕೈಸನ್ನೆ ಮಾಡಿ ಕರೆದರು.

"ನಾ ಜ್ವಾಳ ಮಾರಾಂವ," ಎಂದರು. ಧ್ವನಿ ಕುಗ್ಗಿತ್ತು, ಧಾಟಿ ಕುಗ್ಗಿರಲಿಲ್ಲ. "ಜ್ವಾಳದಾಗ ಹರಳದಾವೇನು ಅಂತ ಗಿರಾಕಿ ಕೇಳಿದ್ರ, ಇರಬಹುದು, ಇಲ್ಲದನೂ ಇರಬಹುದು ಅಂದ್ರ ಅಂವ ಎದ್ದು ಹೋಕ್ಕಾನ. ನೀವು ಇಷ್ಟು ವರ್ಷ ಓದೀರಿ. ಅಂಟೇತಿ ಇಲ್ಲಾ ಅಂಟಿಲ್ಲ, ಎರಡರಾಗ ಒಂದು ಅನ್ನಾಕ ಬರಂಗಿಲ್ಲೇನ್ರಿ?"

"ಗೊತ್ತಿಲ್ಲದೆ ಹೇಳಿದರೆ ಹೇಗೆ ಕಾಕಾ?" ಎಂದೆ. "ತಪ್ಪಾದರೆ ಅನುಭವಿಸೋರು ನೀವು."

"ಈಗ ಏನು ಸುಖದಾಗ ಅದೀನ್ರಿ?"

ಇನ್ನೊಮ್ಮೆ ಸ್ಕ್ಯಾನ್ ಮಾಡೋಣ, ಗಡ್ಡೆಯ ಭಾಗವನ್ನಷ್ಟೇ ತೆಳು ತೆಳುವಾಗಿ ತೆಗೆಯೋಣ ಎಂದೆ. ಮಾಡಲು ಬೇರೇನೂ ತೋಚದೆ ಹೇಳಿದ ಮಾತು ಅದು. ಅವರಿಗೂ ಅದು ಗೊತ್ತಾಯಿತೆಂದು ಕಾಣುತ್ತದೆ, ಮುಖ ಆಚೆ ತಿರುಗಿಸಿದರು.

ಎರಡನೆಯ ಸ್ಕ್ಯಾನಿನ ದಿನ ಬೆಳಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಮಧ್ಯಾಹ್ನ ಯಂತ್ರ ಸಿದ್ಧವಾದಾಗ ಹೊರಗೆ ಸ್ಟ್ರೆಚರುಗಳ ಸಾಲು ನಿಂತಿತ್ತು, ಒಬ್ಬೊಬ್ಬರ ಕಡೆಯವರೂ ಬಾಗಿಲು ಬಡಿಯುತ್ತಿದ್ದರು. ಟೆಕ್ನಿಷಿಯನ್ ಕಾಕಾರನ್ನು ಮಲಗಿಸಲು ಹೋದರೆ ಅವರು ಮಲಗಲು ಒಪ್ಪಲಿಲ್ಲ. ಅಂಗಾತ ಮಲಗಿದರೆ ಉಗುಳು ಗಂಟಲಿಗೆ ಬಂದು ಉಸಿರು ಕಟ್ಟುತ್ತದಂತೆ. ಮನೆಯಲ್ಲೂ ಈಗ ಬೋರಲೇ ಮಲಗುವುದಂತೆ. ಟೆಕ್ನಿಷಿಯನ್ ಹಿಂದಿಯಲ್ಲಿ ಹೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಕಾಕು ಬಾಗಿಲ ಹೊರಗಿಂದ ಬೈದರು. ಕಾಕಾ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತೇ ಇದ್ದರು, ಸೊಸೈಟಿ ಮೀಟಿಂಗಿನಲ್ಲಿ ಕೂರುತ್ತಿದ್ದ ಹಾಗೆಯೇ.

ನನಗೆ ಸಾಕಾಗಿಹೋಗಿತ್ತು. "ಬೋರಲೇ ಮಲಗಿ," ಎಂದೆ. "ಹೇಗೆ ಬೇಕೋ ಹಾಗೆ ಮಲಗಿ. ಅಲ್ಲಾಡದಿದ್ದರೆ ಸಾಕು."

ಟೆಕ್ನಿಷಿಯನ್ ಚಿತ್ರಗಳೆಲ್ಲ ತಲೆಕೆಳಗಾಗಿ ಬರುತ್ತವೆ ಎಂದ. ಬರಲಿ ಎಂದೆ. ಕಾಕಾ ತೃಪ್ತಿಯಿಂದ ಬೋರಲಾಗಿ, ಕೆನ್ನೆಯನ್ನು ದಿಂಬಿಗೆ ಒತ್ತಿ, ಉಸಿರು ಹಿಡಿಯಿರಿ ಎಂದಾಗ ಹಿಡಿದರು. ಕೆಮ್ಮಲಿಲ್ಲ.

ಒಂದೊಂದು ಚಿತ್ರ ತೆರೆಯ ಮೇಲೆ ಮೂಡಲು ಆಗ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಮೊದಲನೆಯದು ಬಂದಾಗ ನಾನು ಹೊರಗಿನವರಿಗೆ ಸಮಾಧಾನ ಹೇಳುತ್ತಿದ್ದೆ. ಎರಡನೆಯದನ್ನು ಒಳಗೆ ಬಂದು ನೋಡಿದೆ. ರಕ್ತನಾಳ ಬೆನ್ನೆಲುಬಿಗೆ ಒರಗಿ ಇದ್ದಲ್ಲೇ ಇತ್ತು. ಗಡ್ಡೆ ಹೃದಯದ ಜೊತೆ ಮುಂದಕ್ಕೆ ಜೋತುಬಿದ್ದಿತ್ತು. ಎರಡರ ನಡುವೆ, ಕೂದಲೆಳೆಗಿಂತ ತುಸು ದಪ್ಪಕ್ಕೆ, ಕಪ್ಪು ಗೆರೆ. ಕಾಕಾ ಅವರ ಬಡಕಲು ಮೈಯಲ್ಲಿ ಅಷ್ಟು ಕೊಬ್ಬು ಎಲ್ಲೋ ಉಳಿದಿತ್ತು. ಅಂಗಾತ ಮಲಗಿದಾಗ ಗಡ್ಡೆಯ ಭಾರಕ್ಕೆ ಅದು ಒತ್ತಿ ಮರೆಯಾಗಿತ್ತು. ಬೋರಲಾದಾಗ ಭಾರ ಆಚೆ ಬಿತ್ತು, ಸಂದು ಬಿಟ್ಟುಕೊಂಡಿತು. ಅಂಟಿದ್ದರೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಳ್ಳಬೇಕೆನಿಸಿತು. ಹೀಗೆ ಬೋರಲು ಮಲಗಿಸಿ ನೋಡುವುದು ಬೇರೆ ಕಡೆ ಕೆಲವರಿಗೆ ಆಗಲೇ ಗೊತ್ತಿತ್ತೆಂದು ಆಮೇಲೆ ಕೇಳಿದೆ. ನಮ್ಮ ಕೋಣೆಗೆ ಅದನ್ನು ತಂದದ್ದು ಒಬ್ಬ ಮನುಷ್ಯನ ಹಟ, ಅಷ್ಟೇ.

ಆದರೆ ಕೆಳಗಿನ ಒಂದು ಚಿತ್ರದಲ್ಲಿ ಗೆರೆ ಮತ್ತೆ ಕಾಣದಾಯಿತು. ಒಂದೇ ಒಂದು ಚಿತ್ರದಲ್ಲಿ. ಎಷ್ಟು ಹಿಗ್ಗಿಸಿ ನೋಡಿದರೂ ಅಲ್ಲಿ ಬೂದಿಗೆ ಬೂದು ತಾಗಿಕೊಂಡಿತ್ತು. ಎಂಜಿನಿಯರ್ ಈ ಚಿತ್ರಗಳನ್ನೂ ತಮ್ಮ ಕಂಪ್ಯೂಟರಿಗೆ ಕೊಟ್ಟರು. ಹಸಿರು ಮೇಲಿನ ಚಿತ್ರಗಳಲ್ಲಿ ಗೆರೆಯ ಹತ್ತಿರ ಬಂದು ಮೊದಲ ಸಲ ಸುಮ್ಮನೆ ನಿಂತಿತು. ಆ ಒಂದರಲ್ಲಿ ಮತ್ತೆ ದಾಟಿಕೊಂಡು ಹೋಯಿತು. ಅವರು ಒಳ್ಳೆಯ ಚಿತ್ರಗಳನ್ನು ಮುದ್ರಿಸಿಕೊಂಡು ಕುಣಿಯುವಂತಿದ್ದರು. ನಾನು ದಾಟಿದ್ದನ್ನೇ ನೋಡುತ್ತ ಕುಳಿತೆ.

ಫಿಲ್ಮುಗಳನ್ನು ಎತ್ತಿಕೊಂಡು ಶಸ್ತ್ರವೈದ್ಯರ ಕೋಣೆಗೆ ನಾನೇ ಹೋದೆ. ಫೋನಿನಲ್ಲಿ ಹೇಳಿದ್ದರೆ ಅವರು ಅರ್ಧಕ್ಕೇ ಇಟ್ಟುಬಿಡುತ್ತಿದ್ದರು. ಇಲ್ಲೆಲ್ಲ ಬಿಟ್ಟುಕೊಂಡಿದೆ ಎಂದು ತೋರಿಸಿದೆ. ಇಲ್ಲಿ ಮಾತ್ರ ನನಗೆ ಗೊತ್ತಿಲ್ಲ ಎಂದೆ. ಅವರು ಎಂದಿನಂತೆ, ನಿಮ್ಮ ಅಂದಾಜು ಏನು ಎಂದರು. ಅಂದಾಜು ಇಲ್ಲ, ಗೊತ್ತಿಲ್ಲ ಅಂತಲೇ ಬರೆಯುತ್ತೇನೆ, ನೀವು ರೇಗಿದರೂ ಅದನ್ನೇ ಬರೆಯುತ್ತೇನೆ ಎಂದೆ. ಧ್ವನಿ ಸ್ವಲ್ಪ ಏರಿತ್ತು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ರೇಗಲಿಲ್ಲ. ತೆರೆದು ನೋಡೋಣ, ಆ ಜಾಗಕ್ಕೆ ಮೊದಲು ಕೈ ಹಾಕುತ್ತೇನೆ, ಅಂಟಿದ್ದರೆ ಅಲ್ಲಿಗೇ ಮುಚ್ಚಿಬಿಡುತ್ತೇನೆ ಎಂದರು.

ಕಾಕಾ, ಕಾಕು ಇಬ್ಬರನ್ನೂ ಕೂರಿಸಿ ನಾನು ಇದನ್ನೇ ಹೇಳಿದೆ, ಆ ಒಂದು ಚಿತ್ರದ ವಿಷಯವನ್ನೂ ಬಿಡದೆ. ಕಾಕು ದೇವರ ಫೋಟೋದ ಕಡೆ ನೋಡಿದರು. ಕಾಕಾ ಮಾತ್ರ, ಎದೆ ತೆರೆದು ಹಾಗೇ ಹೊಲಿಯುವ ಹಾಗಾದರೆ ತಮ್ಮನ್ನು ಎಬ್ಬಿಸಿ ನಿಜ ಹೇಳುವವರು ಯಾರು ಎಂದು ಕೇಳಿದರು. ನಾನು ಹೇಳುತ್ತೇನೆ ಎಂದೆ. ಹಾಗಾದರೆ ಸರಿ ಎಂದರು.

ಶಸ್ತ್ರಚಿಕಿತ್ಸೆಯ ದಿನ ನನಗೆ ಯಾವ ಕೆಲಸವೂ ಸಾಗಲಿಲ್ಲ. ಊಟದ ಹೊತ್ತು ಕಳೆದು ಎಷ್ಟೋ ಆದ ಮೇಲೆ ಶಸ್ತ್ರವೈದ್ಯರು ಹಸಿರು ಟೋಪಿಯಲ್ಲೇ ನಮ್ಮ ವಿಭಾಗಕ್ಕೆ ಇಳಿದು ಬಂದರು. ಅವರು ಅಲ್ಲಿಗೆ ಬಂದದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಆ ಜಾಗದಲ್ಲಿ ಇದ್ದದ್ದು ಊದಿಕೊಂಡ ಒಂದು ಗ್ರಂಥಿಯಂತೆ. ಗಡ್ಡೆಗೂ ರಕ್ತನಾಳಕ್ಕೂ ನಡುವೆ ಸಿಕ್ಕಿಕೊಂಡಿತ್ತು, ಬೆರಳಿನಿಂದಲೇ ಬಿಡಿಸಿಕೊಂಡು ಬಂತು. ಎಲ್ಲವೂ ಹೊರಗೆ ಬಂತು ಎಂದು ಹೇಳಿ, ಚಹಾ ಬೇಡವೆಂದು, ಹೋದರು.

ಕಾಕಾ ಚೇತರಿಸಿಕೊಂಡದ್ದು ಸುಲಭವಾಗಿ ಅಲ್ಲ. ಕುತ್ತಿಗೆಯ ಹೊಲಿಗೆ ಸೋರಿತು, ಜ್ವರ ಬಂತು, ಮಳೆಗಾಲ ಪೂರ್ತಿ ವಾರ್ಡಿನಲ್ಲಿ ಕಳೆದರು. ನರ್ಸುಗಳಿಗೆ ಅವರು ಕೊಟ್ಟ ಕಾಟ ಅಷ್ಟಿಷ್ಟಲ್ಲ. ಮನೆಗೆ ಬಂದ ಮೇಲೆ ಮೆತ್ತಗಿನ ಅನ್ನ ಮಜ್ಜಿಗೆ, ಆಮೇಲೆ ಮಿದುವಾದ ಬಿಸಿ ರೊಟ್ಟಿಯ ಚೂರು. ಒಮ್ಮೆಗೆ ಹೆಚ್ಚು ತಿನ್ನಲಾಗುತ್ತಿರಲಿಲ್ಲ, ಬಗ್ಗಿದರೆ ತಿಂದದ್ದು ಬಾಯಿಗೆ ಬರುತ್ತಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಸೊಸೈಟಿಯವರು ಬೇರೆ ಸೆಕ್ರೆಟರಿಯನ್ನು ಆರಿಸಿದ್ದರು. ಅವರ ಮೇಲೂ ಹಾರಾಡಿದರು. ಮಲಾಡಿನ ಅಂಗಡಿಗೆ ಮತ್ತೆ ಹೋಗತೊಡಗಿದರು. ಕೆಲವು ವರ್ಷ ಚೆನ್ನಾಗಿಯೇ ಇದ್ದರು, ಕೊನೆಗೆ ಹೋದದ್ದು ಹೃದಯದ ತೊಂದರೆಯಿಂದ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಲ್ಲೇ.

ಎಂಜಿನಿಯರ್ ಸಂಶೋಧನೆ ಮುಗಿಸಿ ಬೆಂಗಳೂರಿಗೆ ಹೊರಟುಹೋದರು. ಅವರ ಪ್ರೋಗ್ರಾಮು ಗೆರೆ ಇದ್ದಲ್ಲಿ ನಿಲ್ಲುತ್ತಿತ್ತು, ಇಲ್ಲದಲ್ಲಿ ಹರಿಯುತ್ತಿತ್ತು. ನನ್ನ ಕಣ್ಣು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ.

ಕಾಕಾ ಇನ್ನೂ ವಾರ್ಡಿನಲ್ಲಿದ್ದಾಗಲೇ ಅದೇ ರೋಗದ ಒಬ್ಬ ಹೆಂಗಸು ಬಂದಳು, ಸ್ಟೇಷನ್ನಿನ ಬಳಿ ಸೊಪ್ಪು ಮಾರುತ್ತಿದ್ದವಳು. ಬೋರಲು ಮಲಗು ಎಂದರೆ ಒಂದು ಮಾತೂ ಆಡದೆ ಮಲಗಿದಳು, ಉಸಿರು ಹಿಡಿ ಎಂದರೆ ಹಿಡಿದಳು. ಅಷ್ಟು ನಿಶ್ಚಲವಾದ, ಸ್ವಚ್ಛವಾದ ಚಿತ್ರಗಳು ನಮ್ಮ ಯಂತ್ರದಿಂದ ಬಂದದ್ದೇ ಅಪರೂಪ. ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಸಂದು ಬಿಟ್ಟುಕೊಳ್ಳಲಿಲ್ಲ. ಗಡ್ಡೆ ಒಂದು ಕಡೆ ರಕ್ತನಾಳದ ಗೋಡೆಯನ್ನು ಒಳಕ್ಕೆ ದೂಡಿದ್ದು ಕೂಡ ಕಾಣುತ್ತಿತ್ತು. ಅನುಮಾನವೇ ಇರಲಿಲ್ಲ. ರಕ್ತನಾಳಕ್ಕೆ ಅಂಟಿದೆ ಎಂದು ಒಂದೇ ಸಾಲಿನ ವರದಿ ಬರೆದೆ. ಶಸ್ತ್ರವೈದ್ಯರು ಫೋನ್ ಮಾಡಿ, ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ಥ್ಯಾಂಕ್ಸ್ ಎಂದರು.

ಹೊರಗೆ ಆಕೆ ತಲೆಗೂದಲು ಸರಿಮಾಡಿಕೊಳ್ಳುತ್ತ, ಚಿತ್ರ ಚೆನ್ನಾಗಿ ಬಂತೇ ಎಂದು ಮರಾಠಿಯಲ್ಲಿ ಕೇಳಿದಳು. ಬಂತು ಎಂದೆ. ಆ ಸಂಜೆ ಲೋಕಲ್‌ನಲ್ಲಿ ಕಾಲು ತುಳಿದವಳ ಮೇಲೆ ರೇಗಿದೆ, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದ ಗಂಡನ ಮೇಲೆ ರೇಗಿದೆ. ಅವರು ಏನಾಯಿತು ಎಂದು ಕೇಳಿದರು. ಇವತ್ತು ಯಂತ್ರ ಚೆನ್ನಾಗಿ ಕೆಲಸ ಮಾಡಿತು ಎಂದು ಹೇಳಿ ಕೈ ತೊಳೆಯಲು ಎದ್ದೆ.